ಗುಮ್ಮಟಕ್ಕೆ ಮೂಲೆ ಎಲ್ಲಿಂದ ಬಂತು? ಒಂದೇ ಪದ ಮತ್ತೆ ಮತ್ತೆ ಬರದಂತೆ ಬರೆಯುವುದು ಹೇಗೆ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನ್, ಬಂದವರಿಗೆ ಕೂರಲು ಎರಡು ಕುರ್ಚಿ. ದಿನವಿಡೀ ಬೇರೆಯವರ ಕನ್ನಡ ಟೈಪ್ ಮಾಡುವುದೇ ಕೆಲಸ. ವಾರಸಾ ಅರ್ಜಿ, ಲಗ್ನಪತ್ರಿಕೆ, ಶ್ರದ್ಧಾಂಜಲಿ ಬ್ಯಾನರ್, ಪತ್ರಿಕೆಗೆ ಕಳಿಸುವ ಸುದ್ದಿ, ಮಕ್ಕಳ ಪ್ರಾಜೆಕ್ಟ್, ಏನು ಬಂದರೂ ಸರಿ. ಎಷ್ಟೋ ಜನ ಕೈಬರಹ ಕೊಟ್ಟು, "ಸ್ವಲ್ಪ ಛಂದ ಮಾಡಿ ಹಾಕ್ರಿ" ಅಂತ ಹೇಳಿ ಚಹಾಕ್ಕೆ ಹೋಗುತ್ತಾರೆ. ಛಂದ ಮಾಡುವುದು ಅಂದರೆ ಬಹಳ ಸಲ ಒಂದೇ ಕೆಲಸ. ಒಂದೇ ಹೆಸರು ಹತ್ತು ಸಲ ಬಂದಿರುತ್ತದೆ, ಅದನ್ನು ಎರಡಕ್ಕೋ ಮೂರಕ್ಕೋ ಇಳಿಸುವುದು.

ಮೊನ್ನೆ ಅಣ್ಣನ ಮಗ ಗೋಳಗುಮ್ಮಟದ ಮೇಲೆ ಪ್ರಬಂಧ ಬರೆದುಕೊಂಡು ಬಂದ. ಹತ್ತನೇ ತರಗತಿ ಹುಡುಗ. ಹೀಗೆ ಶುರುವಾಗಿತ್ತು:

"ಗೋಳಗುಮ್ಮಟ ವಿಜಯಪುರದಲ್ಲಿದೆ. ಗೋಳಗುಮ್ಮಟವನ್ನು ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದನು. ಮಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದನು. ಮಹಮ್ಮದ್ ಆದಿಲ್ ಶಾಹನ ಸಮಾಧಿ ಗೋಳಗುಮ್ಮಟದಲ್ಲಿದೆ. ಗೋಳಗುಮ್ಮಟದ ನಾಲ್ಕು ಮೂಲೆಗಳಲ್ಲಿ ಗೋಪುರಗಳಿವೆ. ಗೋಪುರಗಳಿಗೆ ಏಳು ಅಂತಸ್ತುಗಳಿವೆ. ಗೋಪುರಗಳ ಒಳಗಿನ ಮೆಟ್ಟಿಲು ಹತ್ತಿ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೋಗಬಹುದು. ಪಿಸುಮಾತಿನ ಗ್ಯಾಲರಿಯಲ್ಲಿ ಮೆಲ್ಲಗೆ ಮಾತಾಡಿದರೂ ಎದುರು ಬದಿಯಲ್ಲಿ ಕೇಳುತ್ತದೆ."

ಗೋಳಗುಮ್ಮಟ ಐದು ಸಲ, ಮಹಮ್ಮದ್ ಆದಿಲ್ ಶಾಹ ಮೂರು ಸಲ, ಗೋಪುರ ಮೂರು ಸಲ. ಓದುವಾಗ ಟಾಂಗಾ ಕಲ್ಲುದಾರಿಯಲ್ಲಿ ಹೋದ ಹಾಗೆ.

ಜೇಬಿನಲ್ಲಿ ಇನ್ನೊಂದು ಹಾಳೆಯೂ ಇತ್ತು. "ಕಾಕಾ, ನಮ್ಮ ಸರ್ ಹೇಳ್ಯಾರ, ಒಂದ ಶಬ್ದ ಮತ್ತ ಮತ್ತ ಬರೀಬಾರ್ದಂತ. ಅದಕ್ಕ ತಿದ್ದೀನಿ ನೋಡ್ರಿ." ತಿದ್ದಿದ್ದು ಹೀಗಿತ್ತು: "ಗೋಳಗುಮ್ಮಟ ವಿಜಯಪುರದಲ್ಲಿದೆ. ಈ ಭವ್ಯ ಸ್ಮಾರಕವನ್ನು ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದನು. ಆ ದೊರೆ 1627ರಿಂದ 1656ರವರೆಗೆ ಆಳಿದನು. ಸುಲ್ತಾನನ ಸಮಾಧಿ ಈ ಅದ್ಭುತ ಸೌಧದಲ್ಲಿದೆ. ಜಗತ್ಪ್ರಸಿದ್ಧ ಗುಮ್ಮಟದ ನಾಲ್ಕು ಮೂಲೆಗಳಲ್ಲಿ ಗೋಪುರಗಳಿವೆ."

ಗುಂಡಗಿನ ಗುಮ್ಮಟಕ್ಕೆ ಮೂಲೆ ಎಲ್ಲಿಂದ ಬಂತಪ್ಪ ಅಂತ ಕೇಳಿದೆ. ಅವನೂ ನಕ್ಕ. ಮೂಲೆ ಇರುವುದು ಕಟ್ಟಡಕ್ಕೆ. ಗುಮ್ಮಟ ಅದರ ತಲೆಯ ಮೇಲಿನ ಭಾಗ ಮಾತ್ರ. ಇನ್ನು ದೊರೆ ಮತ್ತು ಸುಲ್ತಾನ ಇಬ್ಬರೋ ಒಬ್ಬನೋ ಅಂತ ಹೊರಗಿನವರಿಗೆ ಅನುಮಾನ ಬರುತ್ತದೆ. ಮೊದಲನೇ ಹಾಳೆ ಬೇಸರ ತರಿಸುತ್ತಿತ್ತು, ನಿಜ. ಆದರೆ ಅದರಲ್ಲಿ ತಪ್ಪಿರಲಿಲ್ಲ. ಎರಡನೆಯದರಲ್ಲಿ ತಪ್ಪೂ ಸೇರಿತು.

ನಾವು ಶಾಲೆಯಲ್ಲಿ ಕಲಿಯುವಾಗ ಪದ ಮರುಕಳಿಸಿದರೆ ಸಮಾನಾರ್ಥಕ ಪದ ಹಾಕಿ ಅಂತ ಹೇಳಿಕೊಟ್ಟಿದ್ದರು. ಕನ್ನಡಕ್ಕೆ ಆ ದಾರಿ ಕೊನೆಯದು. ಮೊದಲು ತೆಗೆದು ನೋಡಬೇಕು. ಆಮೇಲೆ ಕೂಡಿಸಿ ನೋಡಬೇಕು. ಆಗಲಿಲ್ಲ ಅಂದರೆ ಅವನು, ಅದು ಇತ್ಯಾದಿ. ಅದೂ ಆಗದಿದ್ದಾಗ ಬೇರೆ ಪದ. ಈ ಸರದಿಯಲ್ಲೇ ಹೇಳುತ್ತೇನೆ.

ಮೊದಲು ಗುರುತು ಹಾಕಿ

ಬರೆಯುವಾಗಲೇ ತಿದ್ದಲು ಹೋಗಬೇಡಿ. ಬರೆದು ಮುಗಿಸಿ, ಪೆನ್ಸಿಲ್ ಹಿಡಿದು ಒಂದೇ ಹೆಸರು ಬಂದಲ್ಲೆಲ್ಲ ಸುತ್ತು ಹಾಕಿ. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಎಫ್ ಒತ್ತಿ ಹುಡುಕಿ. ಇಲ್ಲೊಂದು ಸಣ್ಣ ಉಪಾಯ ಇದೆ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತದೆ, ಎತ್ತು, ಎತ್ತಿನ, ಎತ್ತಿಗೆ. "ಎತ್ತು" ಅಂತ ಹುಡುಕಿದರೆ "ಎತ್ತಿನ" ಸಿಗುವುದಿಲ್ಲ. ಕೊನೆಯ ಸ್ವರ ಬಿಟ್ಟು "ಎತ್ತ" ಅಂತ ಹುಡುಕಿ. ಎತ್ತರ, ಎತ್ತಲೋ ಎಲ್ಲ ಜೊತೆಗೆ ಬರುತ್ತವೆ, ಅವನ್ನು ಬಿಟ್ಟರಾಯಿತು.

ಎರಡು ಸುತ್ತುಗಳ ನಡುವೆ ನಾಲ್ಕೈದು ಸಾಲಿನ ಅಂತರ ಇದ್ದರೆ ಸುಮ್ನೆ ಬಿಡಿ. ಕಿವಿಗೆ ತಾಗುವುದು ಪಕ್ಕಪಕ್ಕದ ವಾಕ್ಯಗಳಲ್ಲಿ ಬಂದಾಗ ಮಾತ್ರ.

ತೆಗೆದು ನೋಡಿ

ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಕರ್ತೃವನ್ನು ಇಟ್ಟುಕೊಂಡಿರುತ್ತದೆ. ಬಂದೆವು ಅಂದರೆ ನಾವು. ಬಂದಳು ಅಂದರೆ ಅವಳು. ಬಂತು ಅಂದರೆ ಅದು. ಇಷ್ಟು ಅನುಕೂಲ ಇರುವಾಗ ಪ್ರತಿ ವಾಕ್ಯಕ್ಕೂ ಹೆಸರು ಯಾಕೆ ಬೇಕು?

"ಶಾಂತವ್ವ ನಸುಕಿನಲ್ಲೇ ಎದ್ದಳು. ಶಾಂತವ್ವ ಒಲೆ ಹಚ್ಚಿದಳು. ಶಾಂತವ್ವ ಹತ್ತು ರೊಟ್ಟಿ ಬಡಿದಳು." ಇದನ್ನು ತಿದ್ದು ಅಂದರೆ ಹೆಚ್ಚಿನವರು ಎರಡನೇ ಶಾಂತವ್ವನ ಜಾಗದಲ್ಲಿ "ಅವಳು" ಹಾಕುತ್ತಾರೆ, ಮೂರನೆಯದಕ್ಕೂ "ಅವಳು". ಇಂಗ್ಲಿಷಿನಲ್ಲಿ ಹಾಗೆ ಹಾಕದೆ ಗತಿಯಿಲ್ಲ. ಕನ್ನಡದಲ್ಲಿ ಖಾಲಿ ಬಿಡಬಹುದು: "ಶಾಂತವ್ವ ನಸುಕಿನಲ್ಲೇ ಎದ್ದಳು. ಒಲೆ ಹಚ್ಚಿದಳು. ಹತ್ತು ರೊಟ್ಟಿ ಬಡಿದಳು." ಯಾರು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ನನ್ನ ಅಂಗಡಿಗೆ ಬರುವ ಅರ್ಜಿಗಳಲ್ಲಿ "ನಾನು" ಜಾಸ್ತಿ. "ನಾನು ಸಿಂದಗಿ ತಾಲ್ಲೂಕಿನ ರೈತನಿದ್ದು, ನಾನು ನಾಲ್ಕು ಎಕರೆ ಹೊಲ ಹೊಂದಿದ್ದು, ನಾನು ತೊಗರಿ ಬಿತ್ತಿದ್ದು..." ಮೊದಲನೆಯದು ಇಟ್ಟು ಉಳಿದವನ್ನು ಅಳಿಸಿಬಿಡುತ್ತೇನೆ. ಬೇರೇನೂ ಮುಟ್ಟಬೇಕಾಗಿಲ್ಲ.

ತೆಗೆಯಬಾರದ ಸಂದರ್ಭ ಒಂದಿದೆ. ನಡುವೆ ಅದೇ ಲಿಂಗದ ಇನ್ನೊಬ್ಬರು ಬಂದಾಗ. ಶಾಂತವ್ವನ ಜೊತೆ ಸೊಸೆಯೂ ಅಡಿಗೆಮನೆಗೆ ಬಂದರೆ "ರೊಟ್ಟಿ ಬಡಿದಳು" ಅಂದದ್ದು ಯಾರಿಗೆ ಅಂತ ತಿಳಿಯುವುದಿಲ್ಲ. ಆಗ ಹೆಸರು ವಾಪಸ್ ಬರಬೇಕು.

ಕೂಡಿಸಿ ನೋಡಿ

ಖಾಲಿ ಬಿಟ್ಟ ವಾಕ್ಯಗಳು ತುಂಡುತುಂಡಾಗಿ ಕಂಡರೆ ಹೆಣೆಯಿರಿ. "ಶಾಂತವ್ವ ನಸುಕಿನಲ್ಲೇ ಎದ್ದು, ಒಲೆ ಹಚ್ಚಿ ಹತ್ತು ರೊಟ್ಟಿ ಬಡಿದಳು." ಎದ್ದು, ಹಚ್ಚಿ, ಹೋಗಿ, ನೋಡಿ, ಇವು ನಮ್ಮ ಭಾಷೆಯ ದಾರದ ಉಂಡೆ. ಒಂದು ವಾಕ್ಯಕ್ಕೆ ಎರಡು ಮೂರು ಸಾಕು. ಆರೇಳು ಹಾಕಿದರೆ ಗೂಡ್ಸ್ ಗಾಡಿಯಾಗುತ್ತದೆ, ಇಂಜಿನ್ ಎಲ್ಲಿದೆ ಅಂತ ಹುಡುಕಬೇಕು.

ಹೀಗೆ ಹೆಣೆಯುವಾಗ ಕೆಲಸ ಮಾಡಿದವರು ಒಬ್ಬರೇ ಆಗಿರಬೇಕು. "ಶಾಂತವ್ವ ಎದ್ದು ಗಂಡ ಹೊಲಕ್ಕೆ ಹೋದ" ಅಂದರೆ ಕಿವಿಗೆ ಕಸಿವಿಸಿ. ಒಂದು ಇನ್ನೊಂದಕ್ಕೆ ಕಾರಣವಾದರೆ ಮಾತ್ರ ನಡೆಯುತ್ತದೆ. "ಮಳೆ ಬಂದು ಜೋಳದ ರಾಶಿ ತೊಯ್ದಿತು" ಅಂತ ಎಲ್ಲರೂ ಹೇಳುತ್ತೇವೆ.

ಇನ್ನೊಂದು ಹೆಣಿಗೆ ಇದೆ, ವಿವರವನ್ನು ಹೆಸರಿನ ಮುಂದೆ ತಂದು ಕೂರಿಸುವುದು. "ಮಲಿಕ್-ಎ-ಮೈದಾನ್ ಒಂದು ತೋಪು. ಈ ತೋಪು ಶೇರ್ಜಾ ಬುರುಜಿನ ಮೇಲಿದೆ. ಈ ತೋಪಿನ ತೂಕ ಸುಮಾರು 55 ಟನ್." ಮೂರು ತೋಪು ಒಂದೇ ಉಸಿರಿಗೆ ಹಾರಿದವು. "ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ" ಅಂದರೆ ಒಂದೇ ಸಾಕಾಯಿತು. ಇರುವ, ಮಾಡಿದ, ಕಟ್ಟಿಸಿದ, ಆಳಿದ ಅನ್ನುವ ರೂಪಗಳು ಈ ಕೆಲಸಕ್ಕೇ ಇವೆ.

ಅವನು, ಅದು, ಅಲ್ಲಿ

ಈಗ ಸರ್ವನಾಮ. ಹೆಸರಿನ ಬದಲು ಬರುವ ಪದ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಾವು ಬೀಳುವುದು ಇಲ್ಲೇ. ನಾನೂ ಬಿದ್ದಿದ್ದೇನೆ.

ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ರೈತ ವಾರಸಾ ಅರ್ಜಿ ಬರೆಸಲು ಬಂದ. ಅವನು ಹೇಳಿದ್ದು ಇಷ್ಟು (ಉತಾರ ಅಂದರೆ ಹೊಲದ ಪಹಣಿ): "ನಮ್ಮ ಹೊಲದ ಉತಾರದಲ್ಲಿ ತಂದೆಯವರ ಹೆಸರೂ ಕಾಕಾ ಅವರ ಹೆಸರೂ ಇವೆ. ತಂದೆಯವರು ತೀರಿಕೊಂಡಿದ್ದಾರೆ. ಕಾಕಾ ಅವರು ಪುಣೆಯಲ್ಲಿದ್ದಾರೆ. ತಂದೆಯವರ ಹೆಸರು ಕಡಿಮೆ ಮಾಡಿ ನನ್ನ ಹೆಸರು ದಾಖಲಿಸಬೇಕು." ತಂದೆಯವರು ಮೂರು ಸಲ ಬಂತಲ್ಲ ಅಂತ ನನಗೆ ಛಂದ ಮಾಡುವ ಹುರುಪು. ಕೊನೆಯದನ್ನು ಅಳಿಸಿ "ಅವರ ಹೆಸರು ಕಡಿಮೆ ಮಾಡಿ" ಅಂತ ಹಾಕಿದೆ. ಈಗ ಓದಿ ನೋಡಿ. ಪುಣೆಯಲ್ಲಿ ಆರಾಮಾಗಿರುವ ಕಾಕಾನ ಹೆಸರನ್ನೇ ಉತಾರದಿಂದ ಕಿತ್ತು ಹಾಕಿ ಅಂದ ಹಾಗಾಯಿತು. ಹದಿನೈದು ದಿನ ಬಿಟ್ಟು ಅರ್ಜಿ ವಾಪಸ್ ಬಂತು, ಕೆಂಪು ಪೆನ್ನಿನಲ್ಲಿ "ಯಾರ ಹೆಸರು?" ಅಂತ ಬರೆದು. ಆ ರೈತ ಬೈಯಲಿಲ್ಲ. ಎರಡನೇ ಸಲ ಟೈಪ್ ಮಾಡಿದ್ದಕ್ಕೆ ದುಡ್ಡು ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ. ತಪ್ಪು ಪೂರ್ತಿ ನನ್ನದೇ.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಸರ್ವನಾಮ ತನ್ನ ಹಿಂದೆ ಯಾರು ಹತ್ತಿರ ಸಿಗುತ್ತಾರೋ ಅವರ ಕೈ ಹಿಡಿಯುತ್ತದೆ. ಅವನು, ಅವರು, ಅದು ಅಂತ ಬರೆದ ಕೂಡಲೇ ಬೆರಳಿಟ್ಟು ಹಿಂದೆ ಸರಿಯಿರಿ. ಮೊದಲು ಸಿಗುವ ಹೆಸರು ನಿಮ್ಮ ಮನಸ್ಸಿನಲ್ಲಿದ್ದದ್ದೇ ಆಗಿದ್ದರೆ ಸರಿ. ಅಲ್ಲದಿದ್ದರೆ ಹೆಸರನ್ನೇ ಬರೆಯಿರಿ, ಎಷ್ಟನೇ ಸಲವಾದರೂ ಸರಿ.

"ಅವರು" ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗೌರವಕ್ಕೂ ಅವರು, ಬಹುವಚನಕ್ಕೂ ಅವರು, ಗಂಡಸಿಗೂ ಹೆಂಗಸಿಗೂ ಅವರು. "ಅಧ್ಯಕ್ಷರು ಮುಖ್ಯ ಅತಿಥಿಗಳನ್ನು ಸನ್ಮಾನಿಸಿದರು. ಅವರು ಶಾಲೆಗೆ ಐದು ಸಾವಿರ ರೂಪಾಯಿ ಕೊಟ್ಟರು." ದುಡ್ಡು ಕೊಟ್ಟವರು ಯಾರು? ಪತ್ರಿಕೆಯಲ್ಲಿ ಬಂದ ಮೇಲೆ ಇಬ್ಬರ ಕಡೆಯವರೂ ಫೋನ್ ಮಾಡುತ್ತಾರೆ. "ಅತಿಥಿಗಳು" ಅಂತ ಇನ್ನೊಮ್ಮೆ ಬರೆದರೆ ಏನು ಹೋಗುತ್ತದೆ?

ಗೌರವದ ಮಟ್ಟವನ್ನು ನಡುವೆ ಬದಲಿಸಬೇಡಿ. ನಮ್ಮ ಕಡೆ ಮಾತಿನಲ್ಲಿ ಅಂವ, ಅಕಿ ಅನ್ನುತ್ತೇವೆ. ಬರಹಕ್ಕೆ ಬಂದಾಗ ಅವನು, ಅವಳು, ಆತ, ಆಕೆ, ಅವರು ಅಂತ ಮೆಟ್ಟಿಲುಗಳಿವೆ. ಪತ್ರಿಕೆಗಳಲ್ಲಿ ಆರೋಪಿ ಆದರೆ "ಆತ", ಗಣ್ಯರಾದರೆ "ಅವರು" ಅಂತ ಬರೆಯುವುದು ರೂಢಿ. ಯಾವುದನ್ನು ಹಿಡಿದಿರೋ ಅದನ್ನೇ ಕೊನೆಯವರೆಗೆ ಹಿಡಿಯಿರಿ. ಮೊದಲ ವಾಕ್ಯದಲ್ಲಿ "ಆಕೆ" ಇದ್ದವರು ಮೂರನೆಯದರಲ್ಲಿ "ಅವರು" ಆದರೆ ಇನ್ಯಾರೋ ಬಂದರು ಅನಿಸುತ್ತದೆ.

ಕನ್ನಡದಲ್ಲಿ ಒಂದು ಪದ ಇದೆ, ಅದರ ಬೆಲೆ ನಮಗೆ ಅಷ್ಟು ತಿಳಿದಿಲ್ಲ. "ತಾನು". ಎರಡು ವಾಕ್ಯ ನೋಡಿ. "ಬಸಪ್ಪ ಮಲ್ಲಪ್ಪನ ಮುಂದೆ ಅವನ ಎತ್ತು ಕುಂಟುತ್ತಿದೆ ಎಂದ." "ಬಸಪ್ಪ ಮಲ್ಲಪ್ಪನ ಮುಂದೆ ತನ್ನ ಎತ್ತು ಕುಂಟುತ್ತಿದೆ ಎಂದ." ಎರಡನೆಯದರಲ್ಲಿ ಕುಂಟುವುದು ಹೇಳಿದವನ ಎತ್ತು, ಅಂದರೆ ಬಸಪ್ಪನದು. ಮೊದಲನೆಯದರಲ್ಲಿ ಮಲ್ಲಪ್ಪನದು, ಅಥವಾ ಇನ್ಯಾರದೋ. ಒಂದೇ ಪದದಿಂದ ಗೊಂದಲ ಬಗೆಹರಿಯಿತು. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಒಂದೇ ವಾಕ್ಯದಲ್ಲಿ ಬಂದಾಗ ಮೊದಲು "ತಾನು, ತನ್ನ" ಕೂಡುತ್ತದೆಯೇ ನೋಡಿ.

ಇದಕ್ಕೆ ಗೌರವ ಸೇರಿದರೆ "ತಮ್ಮ" ಆಗುತ್ತದೆ. ಅಲ್ಲಿಗೆ ಹೊಸ ತಲೆನೋವು ಶುರು. ಅರ್ಜಿಯಲ್ಲಿ "ತಮ್ಮ ಕಚೇರಿ" ಅಂದರೆ ಓದುವ ಸಾಹೇಬರ ಕಚೇರಿ. "ನಮ್ಮ ತಂದೆಯವರು ತಮ್ಮ ಹೆಸರಿಗೆ ಹೊಲ ಮಾಡಿಸಿದ್ದಾರೆ" ಅಂತ ಅದೇ ಅರ್ಜಿಯಲ್ಲಿ ಬರೆದರೆ ತಂದೆಯ ಹೆಸರಿಗೋ, ಸಾಹೇಬರ ಹೆಸರಿಗೋ? "ತಮ್ಮನ ಹೆಸರಿಗೆ" ಅಂತ ಒಂದು ನ ಸೇರಿದರೆ ಹೊಲ ಚಿಕ್ಕಪ್ಪನ ಪಾಲು. ಇಂಥ ಕಡೆ ನಾನು "ಸ್ವಂತ ಹೆಸರಿಗೆ" ಅಂತ ಹಾಕುತ್ತೇನೆ. ಹಾಗೆಯೇ ಅವನ್ನು, ಅವನನ್ನು. ಮೊದಲನೆಯದು ವಸ್ತುಗಳಿಗೆ, ಎರಡನೆಯದು ಮನುಷ್ಯನಿಗೆ. "ಅವನನ್ನು ಚೀಲದಲ್ಲಿ ತುಂಬಿ ಲಾರಿಗೆ ಹಾಕಿದರು" ಅಂತ ಈರುಳ್ಳಿ ಬಗ್ಗೆ ಬರೆದದ್ದನ್ನು ನಾನೇ ಟೈಪ್ ಮಾಡುವಾಗ ಹಿಡಿದಿದ್ದೇನೆ.

ಎರಡು ವಸ್ತುಗಳು ಒಟ್ಟಿಗೆ ಬಂದಾಗ ಅದು, ಇದು ಎರಡನ್ನೂ ಬಳಸಬಹುದು. ದೂರದ್ದು ಅದು, ಹತ್ತಿರದ್ದು ಇದು. "ಗೋಳಗುಮ್ಮಟವನ್ನೂ ಬಾರಾ ಕಮಾನನ್ನೂ ಒಂದೇ ದಿನ ನೋಡಬಹುದು. ಅದು ತಂದೆಯ ಸಮಾಧಿ, ಇದು ಮಗನದು. ಅದು ಪೂರ್ತಿಯಾಯಿತು, ಇದು ಅರ್ಧಕ್ಕೇ ನಿಂತಿತು." ಹೆಸರು ಒಂದೊಂದೇ ಸಲ, ಆದರೂ ಗೊಂದಲ ಇಲ್ಲ. ಮೂರನೆಯದು ಸೇರಿದರೆ ಈ ಆಟ ನಡೆಯುವುದಿಲ್ಲ.

ಜಾಗ, ಹೊತ್ತು, ರೀತಿಗೆ ಅಲ್ಲಿ, ಆಗ, ಹಾಗೆ ಇವೆ. ಪ್ರವಾಸದ ಬರಹಗಳಲ್ಲಿ ಇವು ಸಾಕಷ್ಟು ಕೆಲಸ ಮಾಡುತ್ತವೆ. "ಬಾದಾಮಿಗೆ ಹೋದೆವು. ಬಾದಾಮಿಯಲ್ಲಿ ಗುಹೆಗಳನ್ನು ನೋಡಿದೆವು. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೊರಟೆವು" ಅನ್ನುವುದು "ಬಾದಾಮಿಗೆ ಹೋಗಿ ಗುಹೆಗಳನ್ನು ನೋಡಿದೆವು. ಅಲ್ಲಿಂದ ಪಟ್ಟದಕಲ್ಲಿಗೆ ಹೊರಟೆವು" ಆಗುತ್ತದೆ.

ಸಂತೆಯಲ್ಲಿ ಕಲಿಯುವ ಪಾಠ

ರೊಟ್ಟಿ ಅಂಗಡಿಯಲ್ಲಿ ಖಡಕ್ ರೊಟ್ಟಿ ಕೇಳಿ ನೋಡಿ. "ಜೋಳದ್ದು ಬೇಕೋ, ಸಜ್ಜಿದು ಬೇಕೋ? ಎಳ್ಳು ಹಚ್ಚಿದ್ದೋ, ಹಚ್ಚಲಾರದ್ದೋ?" ಅಂತ ಕೇಳುತ್ತಾರೆ. ಎರಡು ಪ್ರಶ್ನೆ, ನಾಲ್ಕು ಬಗೆಯ ರೊಟ್ಟಿ. ರೊಟ್ಟಿ ಅನ್ನುವ ಪದ ಒಮ್ಮೆಯೂ ಬರಲಿಲ್ಲ. ಗುಣಕ್ಕೇ ಬಾಲ ಹಚ್ಚಿ ಹೆಸರು ಮಾಡಿಬಿಡುವುದು ನಮ್ಮ ಭಾಷೆಗೆ ಬಹಳ ಸುಲಭ. ದೊಡ್ಡದು, ಕೆಂಪನೆಯದು, ನಮ್ಮದು, ನಿನ್ನೆಯದು, ಎರಡನೆಯದು, ಕಲಿತವರು, ಬಡವರು.

ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ ಬಂದಾಗ ಎತ್ತು ಮಾರುವವರು ಮೊಬೈಲಿಗೆ ಹಾಕಲು ಒಂದೆರಡು ಸಾಲು ಬರೆಸಿಕೊಳ್ಳುತ್ತಾರೆ. "ಒಂದು ಜೋಡಿ ಕಿಲಾರಿ ಎತ್ತು ಮಾರಾಟಕ್ಕಿವೆ. ಒಂದಕ್ಕೆ ನಾಲ್ಕು ಹಲ್ಲು, ಇನ್ನೊಂದಕ್ಕೆ ಆರು. ಎರಡೂ ಗಳೆ ಹೊಡೆಯುತ್ತವೆ, ಯಾವುದೂ ಹಾಯುವುದಿಲ್ಲ." ಎತ್ತು ಒಂದೇ ಸಲ. ಓದು ಬಾರದವರು ಬಾಯಲ್ಲಿ ಹೇಳಿದ್ದನ್ನು ಹಾಗೇ ಬರೆದದ್ದು ಇದು. ಮಾತಿನಲ್ಲಿ ನಾವು ಯಾರೂ ಹೆಸರನ್ನು ಅಷ್ಟು ಮರುಕಳಿಸುವುದಿಲ್ಲ. ಪೆನ್ನು ಹಿಡಿದಾಗಲೇ ಈ ರೋಗ.

ಈ ಕಟ್ಟಡ, ಆ ಊರು

ಸರ್ವನಾಮ ಹಾಕಿದರೆ ಗೊಂದಲ, ಹೆಸರು ಹಾಕಿದರೆ ಬೇಸರ. ಆಗ ನಡುವಿನ ದಾರಿ ಒಂದಿದೆ. ಅದು ಯಾವ ಜಾತಿಯ ವಸ್ತು ಅನ್ನುವ ಸಾದಾ ಪದ, ಅದರ ಮುಂದೆ ಈ ಅಥವಾ ಆ. ಗೋಳಗುಮ್ಮಟಕ್ಕೆ ಈ ಕಟ್ಟಡ. ಬಸವನ ಬಾಗೇವಾಡಿಗೆ ಈ ಊರು. ಡೋಣಿಗೆ ಈ ನದಿ. ತೊಗರಿಗೆ ಈ ಬೆಳೆ. "ಭವ್ಯ", "ಅದ್ಭುತ" ಏನೂ ಬೇಡ. ಸಾದಾ ಪದ ಓದುಗನ ಕಣ್ಣಿಗೆ ತಾಗುವುದೇ ಇಲ್ಲ, ಸುಮ್ಮನೆ ದಾಟಿ ಹೋಗುತ್ತದೆ. ನಮಗೆ ಬೇಕಾದದ್ದೂ ಅದೇ.

ಕೊನೆಗೆ ಬೇರೆ ಪದ

ಸಮಾನಾರ್ಥಕ ಅಂತ ನಾವು ಕರೆಯುವ ಪದಗಳಲ್ಲಿ ನಿಜವಾಗಿ ಸಮಾನವಾದವು ಕಡಿಮೆ. ತೋಪು, ಫಿರಂಗಿ ಒಂದೇ. ಚಂದ್ರ, ಚಂದಿರ ಒಂದೇ. ಆದರೆ ಎತ್ತು, ಹೋರಿ, ಗೂಳಿ ಒಂದಲ್ಲ. ಎತ್ತು ಬೀಜ ಒಡೆದದ್ದು, ಗಳೆಗೂ ಗಾಡಿಗೂ ಹೂಡುವುದು. ಹೋರಿ ಒಡೆಯದ್ದು. ಗೂಳಿ ಆಕಳುಗಳಿಗೆ ಬಿಡುವುದು. ಮೇಲಿನ ಜಾಹೀರಾತಿನಲ್ಲಿ ಎರಡನೇ ಸಲ "ಹೋರಿ" ಅಂತ ಬರೆದಿದ್ದರೆ ಕೊಳ್ಳಲು ಬಂದವರು ಜಗಳ ತೆಗೆಯುತ್ತಿದ್ದರು.

ಹೊಲ, ಗದ್ದೆ, ತೋಟವೂ ಹಾಗೇ. ನಮ್ಮಲ್ಲಿ ಜೋಳ ಬೆಳೆಯುವುದು ಹೊಲ. ನೀರಾವರಿ ಮಾಡಿ ದ್ರಾಕ್ಷಿಯೋ ಲಿಂಬೆಯೋ ಹಚ್ಚಿದರೆ ತೋಟ. ಗದ್ದೆ ಅಂದರೆ ಭತ್ತ ನೆನಪಾಗುತ್ತದೆ. "ಇಂಡಿ ತಾಲ್ಲೂಕಿನ ಜೋಳದ ಗದ್ದೆ" ಅಂತ ಬರೆದವರು ಇಂಡಿ ನೋಡಿಲ್ಲ ಅಂತ ಗೊತ್ತಾಗಿಬಿಡುತ್ತದೆ. ನಗರದ ತಾಜ್ ಬಾವಡಿ ಅನ್ನುವ ಬಾವಿಯನ್ನು ಎರಡನೇ ವಾಕ್ಯದಲ್ಲಿ "ಕೆರೆ" ಮಾಡುವುದೂ ಇದೇ ಜಾತಿಯ ತಪ್ಪು.

ಅರ್ಥ ಒಂದೇ ಇದ್ದರೂ ಪದದ ಮೈಬಣ್ಣ ಬೇರೆ ಇರುತ್ತದೆ. ಒಂದು ಶ್ರದ್ಧಾಂಜಲಿ ಬ್ಯಾನರಿಗೆ ಬರೆದುಕೊಂಡು ಬಂದಿದ್ದರು. ಮೊದಲ ಸಾಲಿನಲ್ಲಿ "ನಮ್ಮ ಅಜ್ಜಿ", ಎರಡನೆಯದರಲ್ಲಿ "ವೃದ್ಧೆಯು". ಅಜ್ಜಿ ಮನೆಯವಳು. ವೃದ್ಧೆ ಪೊಲೀಸ್ ಠಾಣೆಯ ಸುದ್ದಿಯವಳು. ಹೆಂಡತಿ, ಪತ್ನಿ, ಮಡದಿ, ಮನೆಯವರು, ಇವುಗಳಲ್ಲಿ ಯಾವುದನ್ನು ಎಲ್ಲಿ ಹಾಕಬೇಕು ಅಂತ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದನ್ನು "ಭಾಸ್ಕರನ ಪ್ರತಾಪ" ಅಂತ ಬರೆದ ಮಾತ್ರಕ್ಕೆ ಸೆಕೆ ಕಡಿಮೆ ಆಗುವುದಿಲ್ಲ. ಸೂರ್ಯನಿಗೆ ರವಿ, ಭಾನು, ದಿನಕರ ಅಂತ ಹತ್ತಾರು ಹೆಸರು ಇರುವುದು ಪದ್ಯ ಕಟ್ಟುವವರಿಗೆ ಪ್ರಾಸಕ್ಕೂ ಮಾತ್ರೆಗೂ ಬೇಕಲ್ಲ, ಅದಕ್ಕೆ ಅನುಕೂಲ. ಹವಾಮಾನದ ಸುದ್ದಿಗಲ್ಲ.

ಊರಿನ ಅಡ್ಡಹೆಸರುಗಳ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ವಿಜಯಪುರಕ್ಕೆ ಗುಮ್ಮಟ ನಗರಿ, ಬೆಳಗಾವಿಗೆ ಕುಂದಾನಗರಿ, ಬಾಗಲಕೋಟೆಗೆ ಮುಳುಗಡೆ ನಗರಿ ಅಂತ ಬರುತ್ತದೆ. ತಲೆಬರಹಕ್ಕೆ ಒಮ್ಮೆ ಸರಿ. ಆದರೆ ಕುಂದಾ ತಿಂದಿರದವರಿಗೆ ಅದು ಯಾವ ಊರು ಅಂತ ತಿಳಿಯುವುದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ಬಗ್ಗೆ ಬರೆಯುವಾಗ "ಮುಳುಗಡೆ ನಗರಿ" ಅನ್ನುವುದನ್ನು ಸುಮ್ನೆ ಶೃಂಗಾರಕ್ಕೆ ಬಳಸುವುದು ನನಗಂತೂ ಸರಿ ಕಾಣುವುದಿಲ್ಲ.

ಬಿಜಾಪುರ, ವಿಜಯಪುರ ಎರಡನ್ನೂ ಒಂದೇ ಬರಹದಲ್ಲಿ ಬದಲಿ ಬದಲಿ ಹಾಕಬೇಡಿ. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಕಾಗದಪತ್ರದಲ್ಲಿ ಬಿಜಾಪುರ ಅಂತಿದ್ದರೆ ಹಾಗೇ ಉಳಿಸಿ, ಉಳಿದೆಡೆ ವಿಜಯಪುರ ಬರೆಯಿರಿ. ಬೆಂಗಳೂರು ಕಡೆ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ, ವಿಳಾಸದಲ್ಲಿ ಜಿಲ್ಲೆಯ ಹೆಸರು ಬಿಡಬೇಡಿ.

ಮರುಕಳಿಸಲೇಬೇಕಾದ ಕಡೆ

ಖರೀದಿ ಪತ್ರ, ವಾಟಣಿ (ಆಸ್ತಿ ಪಾಲಿನ) ಪತ್ರಗಳಲ್ಲಿ ಛಂದ ನೋಡಬೇಡಿ. ಅಲ್ಲಿ "ಅವರು" ಅಂತ ಬರೆಯುವುದಿಲ್ಲ. ಬರೆದುಕೊಡುವವರು, ಬರೆಸಿಕೊಳ್ಳುವವರು ಅಂತ ಪ್ರತಿ ಸಾಲಿನಲ್ಲೂ ಹೇಳುತ್ತಾರೆ. ಹೊಲಕ್ಕೆ "ಸದರಿ ಜಮೀನು". ಸದರಿ ಅನ್ನುವುದು ಕಚೇರಿಯವರ ಸರ್ವನಾಮ ಅನ್ನಬಹುದು, ಆದರೆ ಅದರ ಪಕ್ಕ ಜಮೀನು ಅಂತ ಇದ್ದೇ ಇರುತ್ತದೆ. ಮೂವತ್ತು ವರ್ಷ ಬಿಟ್ಟು ವಕೀಲರೊಬ್ಬರು "ಇಲ್ಲಿ ಅವರು ಅಂದರೆ ಯಾರು?" ಅಂತ ಕೇಳಬಾರದು. ಔಷಧಿ ಹೊಡೆಯುವ ಪ್ರಮಾಣ, ಗುಳಿಗೆ ತಿನ್ನುವ ಲೆಕ್ಕ, ಇಂಥವುಗಳಿಗೂ ಅದೇ ನಿಯಮ.

ಬಿಗಿ ಬರಲಿ ಅಂತಲೇ ಮರುಕಳಿಸುವುದೂ ಉಂಟು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು ಕ್ರಿ.ಶ. 700ರದ್ದು. ಅದರ ಒಂದು ತ್ರಿಪದಿ ಹೀಗೆ ಶುರುವಾಗುತ್ತದೆ: "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ". ಸಾಧು ಎರಡು ಸಲ, ಮಾಧುರ್ಯ ಎರಡು ಸಲ. ಎರಡನೆಯ ಸಾಧುವಿನ ಜಾಗದಲ್ಲಿ "ಸಜ್ಜನ" ಅಂತ ಹಾಕಿ ನೋಡಿ, ಸಾಲು ಅಲ್ಲೇ ಸತ್ತುಹೋಗುತ್ತದೆ. ಒಳ್ಳೆಯವನಿಗೆ ಅದೇ ಒಳ್ಳೆಯತನ, ಸಿಹಿಯಾದವನಿಗೆ ಅದೇ ಸಿಹಿ ಅನ್ನುವ ಮಾತು ಅದು. ಅಳತೆಗೆ ಅಳತೆ. ಪದ ಬದಲಾದರೆ ಅಳತೆ ತಪ್ಪುತ್ತದೆ. ತ್ರಿಪದಿ ಮುಗಿಯುವುದು "ಮಾಧವನ್ ಈತನ್ ಪೆರನಲ್ಲ" ಅಂತ, ಅಂದರೆ ಈತ ಮಾಧವನೇ, ಬೇರೆಯವನಲ್ಲ. ಈತನ್! ಅರಭಟ್ಟನ ಹೆಸರು ಶಾಸನದ ಮೊದಲಲ್ಲೇ ಬಂದಿದೆ, ಕೊನೆಗೆ ಸರ್ವನಾಮ ಸಾಕಾಯಿತು. ಎಲ್ಲಿ ಮರುಕಳಿಸಬೇಕು, ಎಲ್ಲಿ ಬಿಡಬೇಕು ಅಂತ ಅವತ್ತಿನ ಆ ಬರೆದವನಿಗೆ ಚೆನ್ನಾಗಿ ಗೊತ್ತಿತ್ತು.

ಮತ್ತೆ ಗೋಳಗುಮ್ಮಟಕ್ಕೆ

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲನೇ ಹಾಳೆಯನ್ನೇ ತಿದ್ದಿದೆವು. ಮೊದಲ ಎರಡು ವಾಕ್ಯ ಕೂಡಿಸಿದೆವು. "ಆಳಿದ" ಅಂತ ಮಾಡಿ ಇಸವಿಯನ್ನು ಸರ್ವನಾಮದ ಮುಂದೆ ತಂದೆವು. "ಈತ" ಹಾಕಿದ ಮೇಲೆ ಬೆರಳಿಟ್ಟು ಹಿಂದೆ ಸರಿದೆವು, ಮಹಮ್ಮದ್ ಆದಿಲ್ ಶಾಹನೇ ಸಿಕ್ಕ. ಮೂಲೆಗಳಿಗೆ "ಕಟ್ಟಡ" ಬೇಕಾಯಿತು. ಅಂತಸ್ತುಗಳು ಗೋಪುರದ ಮುಂದೆ ಹೋಗಿ ಕೂತವು. ಉಳಿದದ್ದಕ್ಕೆ "ಅವು" ಮತ್ತು "ಅಲ್ಲಿ".

"ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿಸಿದವನು ಮಹಮ್ಮದ್ ಆದಿಲ್ ಶಾಹ. 1627ರಿಂದ 1656ರವರೆಗೆ ಆಳಿದ ಈತನ ಸಮಾಧಿಯೂ ಅದರೊಳಗೇ ಇದೆ. ಕಟ್ಟಡದ ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಗೋಪುರಗಳಿವೆ. ಅವುಗಳ ಒಳಗಿನ ಮೆಟ್ಟಿಲು ಹತ್ತಿದರೆ ಪಿಸುಮಾತಿನ ಗ್ಯಾಲರಿ ಸಿಗುತ್ತದೆ. ಅಲ್ಲಿ ಮೆಲ್ಲಗೆ ಮಾತಾಡಿದರೂ ಎದುರು ಬದಿಯಲ್ಲಿ ಕೇಳುತ್ತದೆ."

ಸಮಾಧಿಯ ವಾಕ್ಯದಲ್ಲಿ ಮೊದಲು "ಅಲ್ಲಿಯೇ" ಅಂತ ಬರೆದಿದ್ದೆ. ಜೋರಾಗಿ ಓದಿದಾಗ ಕೊನೆಯ "ಅಲ್ಲಿ" ಜೊತೆ ಬಡಿದಾಡಿತು, "ಅದರೊಳಗೇ" ಮಾಡಿದೆ. ಜೋರಾಗಿ ಓದದೆ ಯಾವ ಕಾಗದವನ್ನೂ ನಾನು ಪ್ರಿಂಟ್ ತೆಗೆಯುವುದಿಲ್ಲ. ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ.

ಹುಡುಗನ ಮುಖ ಮಾತ್ರ ಸಣ್ಣದಾಯಿತು. "ಕಾಕಾ, ಎಂಟು ಸಾಲು ಇದ್ದದ್ದು ಐದ ಆತಲ್ರಿ. ಎರಡು ಪುಟ ಆಗಬೇಕಂತ ಹೇಳ್ಯಾರ."

ನೀನು ಆ ಗ್ಯಾಲರಿಗೆ ಹತ್ತಿದ್ದೀಯಲ್ಲ, ಅಲ್ಲಿ ಏನು ಕೇಳಿಸಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತ. ಆಮೇಲೆ ಆರನೇ ಸಾಲು ತಾನೇ ಬರೆದ: "ನಾನು ಹೋದಾಗ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು, ಪಿಸುಮಾತು ಯಾರದೂ ಕೇಳಲಿಲ್ಲ."